ತಾರಸಿಯ ಬಿಸಿಲು, ತೆಂಗಿನ ನೆರಳು

ಕೃಷ್ಣರಾಜನಗರದಲ್ಲಿ ನಿವೃತ್ತ ಮೇಷ್ಟರೊಬ್ಬರ ಮನೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಬಂದು ನೆಲೆಸಿದ ಮೇಲೆ ಮನೆಯ ವಿದ್ಯುತ್ತಿನ ಬಳಕೆ ತಿಂಗಳಿಗೆ 230 ಯೂನಿಟ್ಟಿಗೆ ಏರಿತು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಮಿತಿ 200 ಯೂನಿಟ್ಟು; ಅದನ್ನು ದಾಟಿದವರು ಬಿಲ್ಲನ್ನು ಪೂರ್ತಿಯಾಗಿಯೇ ತೆರಬೇಕು. ಬೀದಿಯ ಇತರರೆಲ್ಲರ ಮನೆಗೆ ಸೊನ್ನೆಯ ಚೀಟಿ ಬರುತ್ತಿರುವಾಗ ತಮ್ಮ ಮನೆಗೆ ಮಾತ್ರ ಸಾವಿರದ ಮೇಲಿನ ಚೀಟಿ ಬರುವುದನ್ನು ಕಂಡು ಮೇಷ್ಟರ ಮನಸ್ಸು ಕಸಿವಿಸಿಗೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ.

ಮಗ ಸೌರಫಲಕದ ಮಾತೆತ್ತಿದ. ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ‘ಪಿ.ಎಂ. ಸೂರ್ಯಘರ್’ ಯೋಜನೆಯಂತೆ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ ಸಹಾಯಧನ ದೊರೆಯುತ್ತದೆ. ಒಟ್ಟು 78,000ಕ್ಕೆ ಮೇಲಿಲ್ಲ. ಒಂದು ಕಿಲೋವ್ಯಾಟಿನ ಫಲಕಗಳು ನಮ್ಮ ಸೀಮೆಯಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ಟು ಕೊಡುತ್ತವೆ. ಅವಕ್ಕೆ ಬೇಕಾದ ಜಾಗ ಸುಮಾರು 100 ಚದರ ಅಡಿ. ಎರಡು ಕಿಲೋವ್ಯಾಟಾದರೆ ತಿಂಗಳಿಗೆ 240 ಯೂನಿಟ್ಟು. ಗುತ್ತಿಗೆದಾರ ಹೇಳಿದ ಬೆಲೆ 1,30,000 ರೂಪಾಯಿ. ಸಹಾಯಧನ ಕಳೆದು ಕೈಯಿಂದ ಹೋಗುವುದು 70,000. ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ ಲೆಕ್ಕ ಹಾಕಿದರೆ ನಾಲ್ಕೂಕಾಲು ವರ್ಷದಲ್ಲಿ ಹಾಕಿದ ಹಣ ಹಿಂದಿರುಗುತ್ತದೆ. ಗಣಿತದ ಮೇಷ್ಟರಿಗೆ ಲೆಕ್ಕ ಒಪ್ಪಿಗೆಯಾಯಿತು.

ಗುತ್ತಿಗೆದಾರ ಬಂದದ್ದು ಮೇ ತಿಂಗಳಿನಲ್ಲಿ. ನಡುಹಗಲಿನ ಬಿಸಿಲಿಗೆ ತಾರಸಿ ಕಾದ ಹೆಂಚಿನಂತಿತ್ತು. ದಕ್ಷಿಣದ ಅರ್ಧವನ್ನು ತೋರಿಸಿ, “ಇಲ್ಲೇ ಕೂರಿಸೋಣ ಮೇಷ್ಟ್ರೇ, ಎಲ್ಲೂ ಒಂದು ಚೂರು ನೆರಳಿಲ್ಲ” ಎಂದ.

ಹಪ್ಪಳ ತಿರುವಿ ಹಾಕುತ್ತಿದ್ದ ಮನೆಯಾಕೆ ತಲೆಯೆತ್ತಿ ನುಡಿದರು: “ಈಗ ಇಲ್ಲಪ್ಪ. ಧನುರ್ಮಾಸದಲ್ಲಿ ಬಂದು ನೋಡು. ಈ ಕಡೆ ಹಾಕಿದ ಬಟ್ಟೆ ಸಂಜೆಯಾದ್ರೂ ಆರೋದಿಲ್ಲ. ತೆಂಗಿನ ಮರದ ನೆರಳು ಅರ್ಧ ದಿನ ಇಲ್ಲೇ ಬಿದ್ದಿರುತ್ತೆ.”

ಆ ಮಾತಿನಲ್ಲಿ ಭೂಗೋಳಶಾಸ್ತ್ರವೇ ಅಡಗಿತ್ತು. ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳೆಲ್ಲ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಏಪ್ರಿಲ್ ಕೊನೆಯ ಭಾಗದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯನು ಇಲ್ಲಿ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ; ಆಗ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉಳಿದ ತಿಂಗಳುಗಳಲ್ಲಿ ಅವನು ದಕ್ಷಿಣಕ್ಕಿದ್ದು ನೆರಳನ್ನು ಉತ್ತರಕ್ಕೆ ಚಾಚುತ್ತಾನೆ. ಡಿಸೆಂಬರ್ 21ರಂದು ಮಧ್ಯಾಹ್ನವೂ ಸೂರ್ಯನು ಏರುವುದು 54 ಡಿಗ್ರಿಗಳಷ್ಟೇ. ಮೇ ತಿಂಗಳಿನಲ್ಲಿ ಅಳೆದ ತಾರಸಿ ಡಿಸೆಂಬರಿನಲ್ಲಿ ಬೇರೆಯೇ ಆಗಿರುತ್ತದೆ. ಒಂದು ಸರದಲ್ಲಿ ಪೋಣಿಸಿದ ಫಲಕಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸರದ ಬಲ ಕುಗ್ಗುವುದುಂಟು. ಆದುದರಿಂದ ನೆರಳಿನ ಮಾತು ಅಲ್ಪವಾದುದಲ್ಲ.

“ಹಾಗಾದರೆ ಮರವನ್ನೇ ತೆಗೆಸಿದರಾಯಿತು” ಎಂದ ಮಗ.

ಯಾರೂ ಉತ್ತರ ಕೊಡಲಿಲ್ಲ. ಆ ಮರವನ್ನು ನೆಟ್ಟವರು ಮೇಷ್ಟರ ತಾಯಿ, ಗೃಹಪ್ರವೇಶದ ವರ್ಷ. ಅವರು ತೀರಿಕೊಂಡ ಮೇಲೂ ಹಬ್ಬದ ಕಲಶಕ್ಕೆ ಆ ಮರದ ಕಾಯಿಯೇ ಏರುತ್ತಿತ್ತು. ಅಂದು ರಾತ್ರಿ ಮೇಷ್ಟರು ಊಟವನ್ನು ಅರ್ಧಕ್ಕೇ ಬಿಟ್ಟೆದ್ದರು. ಬಿಲ್ಲಿಗಾಗಿ ತಾಯಿ ನೆಟ್ಟ ಮರವನ್ನು ಕಡಿಸುವುದೇ, ಮರಕ್ಕಾಗಿ ಮಗನ ಮಾತನ್ನು ತಳ್ಳಿಹಾಕುವುದೇ?

“ನಿಮಗೆ ಲೆಕ್ಕ ಬರುತ್ತಲ್ಲ, ನೆರಳನ್ನೇ ಅಳೆದು ನೋಡಿ” ಎಂದರು ಮಡದಿ.

ಬೆಳಗಾಗುತ್ತಲೇ ಮೇಷ್ಟರು ಕಾಗದ ಹಿಡಿದು ಕುಳಿತರು. ಮರದ ಎತ್ತರ 40 ಅಡಿ, ತಾರಸಿಯದು 12. ತಾರಸಿಯಿಂದ ಮೇಲಕ್ಕೆ 28 ಅಡಿ. ಡಿಸೆಂಬರಿನ ಮಧ್ಯಾಹ್ನ ಅದರ ನೆರಳು ಉತ್ತರಕ್ಕೆ 20 ಅಡಿ. ಮರವು ಗೋಡೆಯಿಂದ 6 ಅಡಿ ದೂರದಲ್ಲಿದೆ. ಅಂದರೆ ತಾರಸಿಯ ಮೇಲೆ ಬೀಳುವುದು 14 ಅಡಿ. ಬೆಳಗ್ಗೆ, ಸಂಜೆ ನೆರಳು ಉದ್ದವಾದರೂ ಬಹುಮಟ್ಟಿಗೆ ಪಕ್ಕಕ್ಕೆ ಸರಿದುಹೋಗುತ್ತದೆ. ಗರಿಗಳ ಹರವಿಗೆಂದು, ಮರ ಇನ್ನೂ ಬೆಳೆಯುವುದೆಂದು 6 ಅಡಿ ಹೆಚ್ಚಿಗೆ ಬಿಟ್ಟರೂ 45 ಅಡಿಯ ತಾರಸಿಯಲ್ಲಿ ಉತ್ತರದ 25 ಅಡಿ ಉಳಿಯಿತು. ಬೇಕಾದದ್ದು 200 ಚದರ ಅಡಿ ಮಾತ್ರ. ಗರಿ, ಕಾಯಿ ಉದುರುವ ಭಯವೂ ಅಲ್ಲಿಲ್ಲ. ಮರ ಉಳಿಯಿತು, ಮೇಷ್ಟರು ಎರಡನೆಯ ಬಾರಿ ಕಾಫಿ ಕೇಳಿ ಕುಡಿದರು.

ಫಲಕಗಳನ್ನು ಎಷ್ಟು ಓರೆಯಾಗಿ ನಿಲ್ಲಿಸಬೇಕೆಂಬುದು ಮುಂದಿನ ಪ್ರಶ್ನೆ. ಬರ್ಲಿನ್ ನಗರದಲ್ಲಿ ಡಿಸೆಂಬರಿನ ನಡುಹಗಲಿನ ಸೂರ್ಯ ದಿಗಂತದಿಂದ 14 ಡಿಗ್ರಿಯಷ್ಟೇ ಮೇಲೇರುತ್ತಾನೆ. ಅಂಥ ಉತ್ತರದ ನಾಡುಗಳಲ್ಲಿ ಫಲಕಗಳನ್ನು ಬಹಳ ಓರೆಯಾಗಿ ನಿಲ್ಲಿಸುತ್ತಾರೆ, ಹಿಮವೂ ಜಾರಿಬೀಳುತ್ತದೆ. ನಮ್ಮಲ್ಲಿ ದಕ್ಷಿಣಕ್ಕೆ ಮುಖಮಾಡಿ ಹನ್ನೆರಡರಿಂದ ಹದಿನೈದು ಡಿಗ್ರಿ ಬಾಗಿಸಿದರೆ ಸಾಕು. ಮಳೆಯೇ ಧೂಳನ್ನು ತೊಳೆದೊಯ್ಯುತ್ತದೆ. ಆದರೆ ಚಳಿನಾಡಿಗಿರುವ ಒಂದು ಅನುಕೂಲ ನಮಗಿಲ್ಲ. ಫಲಕಕ್ಕೆ ಬೇಕಾದದ್ದು ಬೆಳಕೇ ಹೊರತು ಶಾಖವಲ್ಲ. 25 ಡಿಗ್ರಿಯನ್ನು ಮೀರಿ ಅದು ಕಾದಂತೆಲ್ಲ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಶಕ್ತಿ ಕುಂದುತ್ತದೆ. ಅದಕ್ಕಾಗಿಯೇ ಫಲಕದಡಿಯಲ್ಲಿ ಗಾಳಿಯಾಡಲು ಎಡೆ ಬಿಡುವುದು.

ನಮ್ಮ ನಿಜವಾದ ಚಳಿಗಾಲ ಜೂನ್, ಜುಲೈ, ಆಗಸ್ಟ್. ಕೊಡಗಿಗೆ ಅಂಟಿಕೊಂಡ ಪಿರಿಯಾಪಟ್ಟಣ, ವೈನಾಡಿನ ಮಗ್ಗುಲ ಹೆಗ್ಗಡದೇವನಕೋಟೆಗಳಲ್ಲಿ ಮೋಡ ದಟ್ಟ. ಪೂರ್ವಕ್ಕಿರುವ ಕೃಷ್ಣರಾಜನಗರದಲ್ಲಿ ಅಷ್ಟಿಲ್ಲ. ಆ ದಿನಗಳ ಕೊರತೆಯನ್ನು ತುಂಬುವುದು ವಿದ್ಯುತ್ ತಂತಿಯೇ. ಎರಡೂ ಕಡೆಯ ಲೆಕ್ಕವಿಡುವ ಮೀಟರು, ಹಗಲು ತಂತಿಗೆ ಹರಿದದ್ದನ್ನು ರಾತ್ರಿ ಪಡೆದದ್ದರೊಡನೆ ವಜಾ ಮಾಡುತ್ತದೆ. ಅರ್ಜಿ ಹಾಕುವ ಮುನ್ನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಉಪವಿಭಾಗದ ಕಚೇರಿಯಲ್ಲಿ ದರವನ್ನೂ ನಿಯಮವನ್ನೂ ಕೇಳಿ ತಿಳಿಯುವುದು ಒಳಿತು. ತಿಂಗಳಿಗೆ 80-90 ಯೂನಿಟ್ಟು ಬಳಸಿ ಸೊನ್ನೆಯ ಚೀಟಿ ಪಡೆಯುವ ಮನೆಗಳಿಗೆ ಇದರಿಂದ ಹಣದ ಲಾಭವಿಲ್ಲವೆಂಬುದನ್ನೂ ಹೇಳಲೇಬೇಕು.

ಫಲಕ ಕೂರಿಸಿದ ಮೂರನೆಯ ವಾರ, ಸುಡುಬಿಸಿಲಿನಲ್ಲಿ, ಕರೆಂಟು ಹೋಯಿತು. ಮನೆಯ ಫ್ಯಾನುಗಳೂ ನಿಂತವು. “ಸೂರ್ಯ ಇದ್ದಾನಲ್ಲ ತಾತ!” ಎಂದು ಮೊಮ್ಮಗಳು ಕೇಳಿದಳು. ತಂತಿಯಲ್ಲಿ ವಿದ್ಯುತ್ತಿಲ್ಲದಾಗ ಬ್ಯಾಟರಿಯಿಲ್ಲದ ಇಂಥ ವ್ಯವಸ್ಥೆ ತಾನೂ ನಿಲ್ಲುತ್ತದೆ. ಇಲ್ಲವಾದರೆ ಕಂಬ ಹತ್ತಿ ದುರಸ್ತಿ ಮಾಡುವ ಲೈನ್‌ಮನ್ನಿನ ಪ್ರಾಣಕ್ಕೆ ನಮ್ಮ ಮನೆಯ ಬಿಸಿಲೇ ಮೃತ್ಯುವಾದೀತು. ಮೇಷ್ಟರು ಇದನ್ನು ವಿವರಿಸಿದಾಗ ಹುಡುಗಿ ತುಸು ಯೋಚಿಸಿ, “ಹಾಗಾದ್ರೆ ಪರವಾಗಿಲ್ಲ, ಸೆಕೆಯಾಗಲಿ” ಎಂದಳು.

ಧನುರ್ಮಾಸ ಬಂದಿತು. ಒಂದು ಮಧ್ಯಾಹ್ನ ಗುತ್ತಿಗೆದಾರ ಆ ದಾರಿಯಾಗಿ ಬಂದವನು ತಾರಸಿ ಹತ್ತಿ ನೋಡಿದ. ತೆಂಗಿನ ನೆರಳು ದಕ್ಷಿಣದ ಅರ್ಧದಲ್ಲಿ ಮಲಗಿತ್ತು. ಫಲಕಗಳು ಪೂರ್ಣ ಬಿಸಿಲಿನಲ್ಲಿದ್ದವು. ಮೇಷ್ಟರ ಮಡದಿ ಕೊಟ್ಟ ಎಳನೀರನ್ನು ಕುಡಿದು ಅವನೆಂದ: “ಅಮ್ಮಾ, ಇನ್ನು ಮೇಲೆ ಯಾರ ಮನೆಗೆ ಹೋದರೂ ಅಳತೆಪಟ್ಟಿ ಬಿಚ್ಚುವ ಮೊದಲು, ಚಳಿಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸ್ತೀರಿ ಅಂತ ಕೇಳ್ತೀನಿ.”