ವಾಟಿನ ಲೆಕ್ಕ

ಮಾಯಕೊಂಡದ ಗೃಹಸ್ಥರೊಬ್ಬರು ತಮ್ಮ ಸ್ಟೀರಿಯೋಗೆ 50 ವಾಟಿನ ಬದಲು 100 ವಾಟಿನ ಆಂಪ್ಲಿಫೈಯರನ್ನು ಕೊಳ್ಳಬಹುದೇ ಎಂದು ನಮ್ಮನ್ನು ಕೇಳಿರುವರು. ವಾಟು ಇಮ್ಮಡಿಯಾದ ಮಾತ್ರಕ್ಕೆ ನಾದವು ಇಮ್ಮಡಿಯಾಗದು. ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಇಮ್ಮಡಿಯೆನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಆದುದರಿಂದ ಹಣ ತೆರುವ ಮೊದಲು ಸ್ಪೀಕರಿನ ಸೂಕ್ಷ್ಮತೆಯನ್ನು ನೋಡತಕ್ಕದ್ದು. 87 ಡೆಸಿಬೆಲ್ಲಿನದರ ಸ್ಥಾನದಲ್ಲಿ 90ರದು ದೊರೆತರೆ, ಇರುವ 50 ವಾಟೇ 100ರ ಕೆಲಸವನ್ನು ಮಾಡುವುದು. ಓಮ್ ಸಂಖ್ಯೆಯೂ ಹೊಂದಿರಬೇಕು.

ಆದರೆ ಬಲ ಸಾಲದ ಆಂಪ್ಲಿಫೈಯರನ್ನು ಮಿತಿಮೀರಿ ತಿರುಗಿಸಿದರೆ ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠವೂ ಒಡಕಾಗಿ ಕೇಳುವುದು, ಟ್ವೀಟರು ಸುಟ್ಟುಹೋಗಲೂಬಹುದು. ಅಂತಹ ಸಂದರ್ಭದಲ್ಲಿ ಹೆಚ್ಚಿನ ಶಕ್ತಿಯನ್ನು ಕೊಳ್ಳುವುದು ದುಂದಲ್ಲ. ಚಿಕ್ಕ ಪಡಸಾಲೆಯಲ್ಲಿ ಹಿತವಾಗಿ ಆಲಿಸುವವರಿಗೆ ಇರುವುದೇ ಸಾಕು. ನೆರೆಮನೆಯ ಕೂಸಿನ ನಿದ್ರೆಯನ್ನೂ ಗೃಹಸ್ಥನು ಲೆಕ್ಕಕ್ಕೆ ಹಿಡಿಯಬೇಕಷ್ಟೆ.