ಒಡನುಂಡವರು ಎದುರಾದಾಗ

ಸಂಪಾದಕರ ಮಾತು

ತಾಳಗುಂದ ಮತ್ತು ಬಳ್ಳಿಗಾವಿ ಶಿಕಾರಿಪುರ ತಾಲ್ಲೂಕಿನ ಎರಡು ಊರುಗಳು. ಎರಡೂ ಶಿರಾಳಕೊಪ್ಪದ ಆಸುಪಾಸಿನವೇ. ಬೆಳಿಗ್ಗೆ ಒಂದನ್ನು ನೋಡಿ, ಮಧ್ಯಾಹ್ನದ ಊಟದ ಹೊತ್ತಿಗೆ ಇನ್ನೊಂದನ್ನು ಮುಟ್ಟಬಹುದು. ತಾಳಗುಂದದ ಕಂಬ ಹಗೆಗಳು ಒಂದಾದ ಕಥೆ ಹೇಳುತ್ತದೆ. ಬಳ್ಳಿಗಾವಿಯ ಕಲ್ಲುಗಳು ಒಂದಾಗಿದ್ದವರು ಹಗೆಗಳಾದ ಕಥೆಗೆ ಸಾಕ್ಷಿ. ಒಂದೇ ದೊರೆಯ ಅನ್ನ ಉಂಡ ಸಾಮುರಾಯ್‌ಗಳು ಒಬ್ಬರನ್ನೊಬ್ಬರು ಮುಗಿಸಿದ ಕಥೆಗಳನ್ನು ನಾವು ಸಿನಿಮಾಗಳಲ್ಲಿ ಬೆರಗಿನಿಂದ ನೋಡುತ್ತೇವೆ. ಅಂಥ ಕಥೆಗಳು ಶಿಕಾರಿಪುರ, ಸೊರಬದ ಗದ್ದೆ ಬದುಗಳಲ್ಲೂ ಇವೆ ಎಂದು ನೆನಪಿಸುವುದಕ್ಕಾಗಿಯೇ ಈ ಸಂಚಿಕೆಯನ್ನು ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಮೊದಲು ತಾಳಗುಂದ. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಶಾಸನ ಪ್ರಣವೇಶ್ವರ ದೇಗುಲದ ಮುಂದಿನ ಕಂಬದ ಮೇಲಿದೆ. ಓದಲೆಂದು ಗುರು ವೀರಶರ್ಮನೊಡನೆ ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಶ್ರೀಪರ್ವತದ ಕಾಡು ಹೊಕ್ಕ. ಬೃಹದ್ಬಾಣರಿಂದ ಕಪ್ಪ ವಸೂಲಿ ಮಾಡಿದ. ಕೊನೆಗೆ ಪಲ್ಲವರು ಇವನನ್ನು ಮಣಿಸುವುದಕ್ಕಿಂತ ಒಲಿಸಿಕೊಳ್ಳುವುದೇ ಲೇಸೆಂದು ಸ್ನೇಹ ಬೆಳೆಸಿದರು, ಪಟ್ಟ ಕಟ್ಟಿದರು. ಪಡುವಣ ಕಡಲಿನಿಂದ ಹಿಡಿದು ಗೊತ್ತಾದ ಎಲ್ಲೆಯವರೆಗೆ ನೆಲ ಕೊಟ್ಟು, ಅದರೊಳಗೆ ಬೇರೆಯವರು ಕಾಲಿಡುವಂತಿಲ್ಲ ಎಂದು ಒಪ್ಪಿಕೊಂಡರು. ಅವಮಾನದಿಂದ ಶುರುವಾದ ಹಗೆ ಗಡಿ ಗೊತ್ತುಪಡಿಸಿದ ಮೇಲೆ ತಣ್ಣಗಾಯಿತು.

ಈಗ ಬಳ್ಳಿಗಾವಿ. ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿದ್ದ ಊರು ಇದು. 1068ರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಹಿರಿಯ ಮಗ ಇಮ್ಮಡಿ ಸೋಮೇಶ್ವರ ಪಟ್ಟಕ್ಕೆ ಬಂದ. ಆಗಿನ ಹಂಚಿಕೆಯನ್ನು ಬಳ್ಳಿಗಾವಿಯ ಶಾಸನವೊಂದು ದಾಖಲಿಸಿದೆ: ತಮ್ಮ ವಿಕ್ರಮನಿಗೆ ಗಂಗವಾಡಿ, ಅವನಿಗೂ ಕಿರಿಯ ಜಯಸಿಂಹನಿಗೆ ನೊಳಂಬವಾಡಿ, ನೆಚ್ಚಿನ ಮಾಂಡಲಿಕ ಲಕ್ಷ್ಮರಸನಿಗೆ ಬನವಾಸಿ. ಶಾಸನದ ಮಾತಿನಲ್ಲಿ ವಾತ್ಸಲ್ಯವೇ ತುಂಬಿದೆ. ಆದರೆ ಕೆಲವೇ ವರ್ಷಗಳಲ್ಲಿ ಅಣ್ಣತಮ್ಮಂದಿರ ದಂಡುಗಳು ಎದುರುಬದುರಾದವು. ವಿಕ್ರಮನ ಪರವಾಗಿ ತಮ್ಮ ಜಯಸಿಂಹ ನಿಂತ. ಹೊಯ್ಸಳರು, ಸೇವುಣರು, ಗೋವೆಯ ಕದಂಬರು ಬಂದರು. ಸೋಮೇಶ್ವರ ತಲೆಮಾರುಗಳ ವೈರಿಯಾಗಿದ್ದ ಚೋಳರ ಕೈ ಹಿಡಿದ. 1076ರಲ್ಲಿ ಅಣ್ಣ ಸೋತು ಸೆರೆಯಾದ. ಗೆದ್ದ ವಿಕ್ರಮಾದಿತ್ಯ ತನ್ನ ಹೆಸರಿನಲ್ಲೇ ಹೊಸ ಶಕೆ ಆರಂಭಿಸಿದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಅಣ್ಣನ ವಿರುದ್ಧ ಹೆಗಲಿಗೆ ಹೆಗಲು ಕೊಟ್ಟ ಜಯಸಿಂಹನಿಗೆ ಯುವರಾಜ ಪದವಿ ಸಿಕ್ಕಿತು, ಬನವಾಸಿ ನಾಡೂ ಸಿಕ್ಕಿತು. 1079ರ ಸುಮಾರಿಗೆ ಈ ಸೀಮೆಯ ಶಾಸನಗಳಲ್ಲಿ ಅವನ ಹೆಸರು ಮೆರೆಯುತ್ತದೆ. ಅದಾಗಿ ನಾಲ್ಕೈದು ವರ್ಷ ಕಳೆಯುವುದರೊಳಗೆ ಅವನು ದಂಡು ಕಟ್ಟಿಕೊಂಡು ಕೃಷ್ಣಾ ತೀರಕ್ಕೆ ನಡೆದಿದ್ದ. ಕಾಡಿನ ಪಾಳೆಯಗಾರರನ್ನು ಒಲಿಸಿಕೊಂಡ, ವಿಕ್ರಮನ ಸೈನ್ಯದಲ್ಲೇ ಒಡಕು ತರಲು ನೋಡಿದ. ಮೊದಲಿಗೆ ಅವನ ಆನೆಗಳದೇ ಮೇಲುಗೈ. ಕೊನೆಗೆ ಸೋತು, ಕಾಡಿನಲ್ಲಿ ಸಿಕ್ಕಿಬಿದ್ದು, ಅಣ್ಣನ ಮುಂದೆ ನಿಂತ. ಅಣ್ಣ ಕ್ಷಮಿಸಿದನೆಂದು ಕವಿ ಹೇಳುತ್ತಾನೆ. ಆಮೇಲೆ ಬನವಾಸಿಯ ಶಾಸನಗಳಲ್ಲಿ ಜಯಸಿಂಹನ ಆಳ್ವಿಕೆಯ ಮಾತಿಲ್ಲ.

ಆ ಕವಿ ಕಾಶ್ಮೀರದಿಂದ ಬಂದು ವಿಕ್ರಮನ ಆಸ್ಥಾನದಲ್ಲಿ ವಿದ್ಯಾಪತಿಯಾದ ಬಿಲ್ಹಣ. ಅವನ 'ವಿಕ್ರಮಾಂಕದೇವಚರಿತ'ದಲ್ಲಿ ಸೋಮೇಶ್ವರ ಮದಾಂಧ, ಜಯಸಿಂಹ ಕೃತಘ್ನ. ಅಣ್ಣನ ಮೇಲೆ ಯುದ್ಧ ಮಾಡಲು ವಿಕ್ರಮನಿಗೆ ಮನಸ್ಸೇ ಇರಲಿಲ್ಲ, ಶಿವನೇ ಕನಸಿನಲ್ಲಿ ಬಂದು ಅಪ್ಪಣೆ ಕೊಟ್ಟ! ಗೆದ್ದವನ ಅನ್ನ ಉಂಡ ಕವಿಗೆ ಬೇರೆ ದಾರಿಯಿರಲಿಲ್ಲ ಎಂದು ಸುಮ್ಮನಾಗಬಹುದು. ಆದರೆ ಇಲ್ಲಿ ನಡೆದ ಜಾಣತನ ಗಮನಿಸಿ. ನೆಲ ಹೇಗೆ ಹಂಚಿಹೋಗಿತ್ತು, ಯಾರಿಗೆ ಎಷ್ಟು ಸಾಲದಾಯಿತು ಎಂಬ ಪ್ರಶ್ನೆ ಕಾವ್ಯದಲ್ಲಿ ಹಿಂದೆ ಸರಿದು, ಯಾರ ಗುಣ ಎಂಥದು ಎಂಬುದೇ ಮುಂದೆ ಬಂದು ಕೂತಿತು. ಅಂದಿನಿಂದ ಇಂದಿನವರೆಗೂ ಒಡೆದ ಗೆಳೆತನಗಳ ಕಥೆಯನ್ನು ನಾವು ಹೀಗೆಯೇ ಹೇಳಿಕೊಂಡು ಬಂದಿದ್ದೇವೆ. ಒಬ್ಬ ನಂಬಿಗಸ್ತ, ಇನ್ನೊಬ್ಬ ದ್ರೋಹಿ. ಮಹಾಭಾರತ ಇದಕ್ಕಿಂತ ಪ್ರಾಮಾಣಿಕ. ಒಂದೇ ಗುರುಕುಲದ ದ್ರೋಣ, ದ್ರುಪದರ ಜಗಳ ಕೊನೆಗೆ ಅರ್ಧ ಪಾಂಚಾಲದ ಹಂಚಿಕೆಯಲ್ಲಿ ಬಂದು ನಿಂತಿತೆಂದು ಅದು ಮುಚ್ಚಿಡದೆ ಹೇಳುತ್ತದೆ.

ಈ ಕಣ್ಣಿನಿಂದ ನೋಡಿದರೆ 1076ರ ಆ ಕೂಟದ ಮುಂದಿನ ಗತಿಯೂ ಅರ್ಥವಾಗುತ್ತದೆ. ವಿಕ್ರಮನಿಗಾಗಿ ಧಾರಾನಗರದವರೆಗೆ ದಂಡೆತ್ತಿ ಹೋಗಿದ್ದವನು ಹೊಯ್ಸಳ ಎರೆಯಂಗ. ಅವನ ಮಗ ವಿಷ್ಣುವರ್ಧನ ಅದೇ ವಿಕ್ರಮನ ಮೇಲೆ ತಿರುಗಿಬಿದ್ದ. ಹನ್ನೆರಡು ಸಾಮಂತರೊಡನೆ ಕಣ್ಣೇಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯದ ಮೇಲೆ ಅವನ ದಂಡನಾಯಕ ಗಂಗರಾಜ ರಾತ್ರಿ ಹೊತ್ತು ಎರಗಿದ ಸಂಗತಿಯನ್ನು 1118ರ ಶ್ರವಣಬೆಳಗೊಳದ ಶಾಸನ ಹೆಮ್ಮೆಯಿಂದ ಹೇಳಿಕೊಂಡಿದೆ. ಚಾಲುಕ್ಯರ ಮಾಂಡಲಿಕನಾಗಿದ್ದ ಕಳಚುರಿ ಬಿಜ್ಜಳ ಒಡೆಯನ ಸಿಂಹಾಸನವನ್ನೇ ಏರಿದ. ಕಳಚುರಿಗಳ ದಂಡನಾಯಕ ಕಾವಣನ ಮಗ ಬ್ರಹ್ಮ 1183–84ರ ಸುಮಾರಿಗೆ ಅದೇ ಕಳಚುರಿಗಳನ್ನು ಕೆಡವಿ ನಾಲ್ಕನೆಯ ಸೋಮೇಶ್ವರನನ್ನು ಪಟ್ಟಕ್ಕೆ ತಂದ. ಆ ಕೊನೆಯ ಚಾಲುಕ್ಯನ ನಾಡನ್ನು ಹಂಚಿಕೊಳ್ಳಲು ಹೊರಟ ಹೊಯ್ಸಳ ಬಲ್ಲಾಳ ಮತ್ತು ಸೇವುಣ ಭಿಲ್ಲಮ 1190ರ ಸುಮಾರಿಗೆ ಗದಗ ಸೀಮೆಯ ಸೊರಟೂರಿನಲ್ಲಿ ಕಾದಾಡಿದರು. ಇವರಿಬ್ಬರ ಹಿರಿಯರು ವಿಕ್ರಮನ ಎಡಬಲದಲ್ಲಿ ನಿಂತವರೆಂಬುದನ್ನು ಮರೆಯಬಾರದು. ಇಷ್ಟೆಲ್ಲ ಜನ ಹುಟ್ಟಾ ದ್ರೋಹಿಗಳಾಗಿದ್ದರೆಂದು ನಂಬುವುದು ಕಷ್ಟ. ಸೇವೆಗೆ ನೆಲ ಕೊಟ್ಟು, ಆ ನೆಲದಿಂದ ದಂಡು ಕಟ್ಟಲು ಬಿಟ್ಟು, ಆ ದಂಡು ತನ್ನ ಮೇಲೆ ಬಾರದಿರಲಿ ಎಂದು ಹಾರೈಸುವ ವ್ಯವಸ್ಥೆ ಅದು. ಸಾಮಂತನಿಗೆ ಬಲವಿಲ್ಲದಿದ್ದರೆ ಅವನು ಕೆಲಸಕ್ಕೆ ಬಾರ. ಬಲವಿದ್ದರೆ ನಂಬಿಕೆಗೆ ಬಾರ.

ಜಪಾನಿನ ಕಥೆಯೂ ಇದೇ. ಕಳಚುರಿಗಳು ಬೀಳುತ್ತಿದ್ದ 1184ರಲ್ಲೇ ಅಲ್ಲಿ ಮಿನಾಮೊತೊ ಯೊರಿತೊಮೊ ತನ್ನ ಜೊತೆ ತೈರಾ ಮನೆತನದ ಮೇಲೆ ಕತ್ತಿ ಎತ್ತಿದ್ದ ದಾಯಾದಿ ಯೊಶಿನಾಕನನ್ನು ಮುಗಿಸಲು ಸೈನ್ಯ ಕಳಿಸಿದ. ಆ ಸೈನ್ಯ ನಡೆಸಿದ ತಮ್ಮ ಯೊಶಿತ್ಸುನೆ ಮರುವರ್ಷವೇ ತೈರಾಗಳನ್ನು ಸಮುದ್ರದಲ್ಲಿ ಮುಳುಗಿಸಿ ಅಣ್ಣನಿಗೆ ಪೂರ್ತಿ ಗೆಲುವು ತಂದುಕೊಟ್ಟ. 1189ರಲ್ಲಿ ಅದೇ ಅಣ್ಣನ ಒತ್ತಡಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ. ನಾಲ್ಕು ಶತಮಾನದ ನಂತರದ ಕಾತೊ ಕಿಯೊಮಾಸಾ ಮತ್ತು ಕೊನಿಶಿ ಯುಕಿನಾಗಾ ಅವರ ವೈರ ಇನ್ನೂ ಹೆಸರಾದುದು. ಇಬ್ಬರೂ ತೊಯೊತೊಮಿ ಹಿದೆಯೊಶಿಯ ನೆರಳಿನಲ್ಲಿ ಮೇಲೆ ಬಂದವರು. ಕಾತೊ ಕಟ್ಟಾ ಬೌದ್ಧ, ಕೊನಿಶಿ ಕ್ರೈಸ್ತ. ಹಾಗಾಗಿ ಧರ್ಮದ ಜಗಳವೆಂದು ಹೇಳುವವರುಂಟು. ಮನೋಧರ್ಮದ ಜಗಳ ಎನ್ನುವವರೂ ಇದ್ದಾರೆ. ಆದರೆ 1588ರಲ್ಲಿ ಹಿದೆಯೊಶಿ ಹಿಗೊ ಪ್ರಾಂತವನ್ನು ಎರಡು ಪಾಲು ಮಾಡಿ ಇವರಿಬ್ಬರಿಗೆ ಕೊಟ್ಟಿದ್ದ ಎಂಬುದನ್ನು ಮೊದಲು ನೋಡಬೇಕು. 1592ರ ಕೊರಿಯಾ ದಂಡಯಾತ್ರೆಯಲ್ಲಿ ಸಿಯೋಲ್ ನಗರವನ್ನು ಮೊದಲು ಹೊಗುವುದಕ್ಕೂ ಇವರಲ್ಲಿ ಪೈಪೋಟಿ. ಮೊದಲು ಹೊಕ್ಕವನು ಕೊನಿಶಿ. ಒಡೆಯ ಸತ್ತ ಮೇಲೆ, 1600ರಲ್ಲಿ ಕೊನಿಶಿ ಸೆಕಿಗಹಾರಾದಲ್ಲಿ ಸೋತು ಕ್ಯೋಟೋದಲ್ಲಿ ತಲೆ ಕೊಟ್ಟ. ಅತ್ತ ಕಾತೊ ಅವನ ಉತೊ ಕೋಟೆಗೆ ಮುತ್ತಿಗೆ ಹಾಕಿದ್ದ. ಹಿಗೊದ ಇನ್ನೊಂದು ಪಾಲೂ ಕಾತೊಗೆ ಸೇರಿತು.

ಅಲ್ಲಿಯ ಯೋಧನ ನಿಷ್ಠೆಗೆ ಅಳತೆಯಿತ್ತು. ಒಂದು ಕೊಕು ಎಂದರೆ ಸುಮಾರು 180 ಲೀಟರು ಅಕ್ಕಿ, ಒಬ್ಬ ಮನುಷ್ಯನ ಒಂದು ವರ್ಷದ ಗ್ರಾಸ. ಯಾರು ಎಷ್ಟು ಕೊಕುವಿನ ಧಣಿ ಎಂಬುದರ ಮೇಲೆ ಅವನ ಮಾನ. ನಮ್ಮಲ್ಲೂ ನಿಷ್ಠೆ ಧಾನ್ಯದಲ್ಲೇ ಬೇರೂರಿತ್ತು. ಉಂಡ ಜೋಳದ ಋಣಕ್ಕೆ ಒಡೆಯನಿಗಾಗಿ ಪ್ರಾಣ ಕೊಡುವ ಜೋಳವಾಳಿಯನ್ನು ಹಳಗನ್ನಡದ ಕವಿಗಳು ವೀರನ ದೊಡ್ಡ ಗುಣವೆಂದು ಹೊಗಳಿದರು. ಒಡೆಯನೊಡನೆ ಸಾಯುವ ಆಣೆ ಹಾಕಿದ ಲೆಂಕರೂ, ವೇಳೆವಾಳಿಗಳೂ ಇದ್ದರು. ಮೇಲಿನವರ ಕೂಟ ಮುರಿದಾಗ ಕೆಳಗಿನವನಿಗೆ ಪಕ್ಷ ಬದಲಿಸುವ ಸ್ವಾತಂತ್ರ್ಯವಿರಲಿಲ್ಲ. ನಿನ್ನೆ ಅಣ್ಣನ ದಂಡಿನೊಂದಿಗೆ ಊಟ ಮಾಡಿದವನು ಇಂದು ಅವರ ಮೇಲೇ ಬಿಲ್ಲು ಎತ್ತಬೇಕಿತ್ತು. ವಿಕ್ರಮನ ಕ್ಷಮೆ ಜಯಸಿಂಹನಿಗೆ ಸಿಕ್ಕಿತು. ಕೃಷ್ಣಾ ತೀರದಲ್ಲಿ ಬಿದ್ದ ಕಾಲಾಳುಗಳಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ.

ಆ ಕಾಲಾಳುಗಳ ಕಥೆ ಬೇಕಾದರೆ ವೀರಗಲ್ಲುಗಳ ಬಳಿಗೇ ಹೋಗಬೇಕು. ಬಿ.ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟದಲ್ಲಿ (1902), ಸೊರಬದವನ್ನು ಎಂಟನೆಯದರಲ್ಲಿ (1904) ಅಚ್ಚು ಹಾಕಿಸಿದರು. ಆ ಪುಟಗಳಲ್ಲಿ ವೀರಗಲ್ಲುಗಳ ಸಾಲು ಸಾಲೇ ಇದೆ. ಸೊರಬದ ಉದ್ರಿಯಂಥ ಊರುಗಳಲ್ಲಿ ಇಂದಿಗೂ ಅವುಗಳ ಗುಂಪು ಕಾಣುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದ ವೀರ. ತುರುಗೋಳ್, ಊರಳಿವು, ಪೆಣ್ಬುಯ್ಯಲ್: ದನ ಹೋದದ್ದು, ಊರು ಹಾಳಾದದ್ದು, ಹೆಂಗಸರ ಮಾನ ಕಾದದ್ದು. ಅರಸರ ದೊಡ್ಡ ಮಾತುಗಳ ನಡುವೆ ಇಂಥ ಗೌಡ, ಇಂಥ ಗೌಡನ ಮಗ, ಇಂಥ ಊರಿನವನು ಎಂಬ ಹೆಸರುಗಳು ಉಳಿದಿರುವುದು ಇಲ್ಲಿಯೇ.

ಇದೇ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು, ಉಡುತಡಿ ಅಕ್ಕಮಹಾದೇವಿಯದು. ಮಾಯೆ ಇರುವುದು ಮಣ್ಣಿನಲ್ಲಲ್ಲ, ಮನಸ್ಸಿನ ಆಸೆಯಲ್ಲಿ ಎಂದು ಅಲ್ಲಮ ಬೊಟ್ಟು ಮಾಡಿದ. ಅನುಭಾವಿಗೆ ಆ ಮಾತು ಸಾಕು. ಚರಿತ್ರೆ ಓದುವವರು ಮಾತ್ರ ಆಸೆಗೆ ದಾರಿ ಮಾಡಿಕೊಟ್ಟ ಹಂಚಿಕೆ ಯಾವುದು ಎಂದೂ ಕೇಳಬೇಕು.

ಶಿಕಾರಿಪುರ, ಸೊರಬ ಎಂಬ ಈ ಎರಡು ತಾಲ್ಲೂಕುಗಳ ಹೆಸರನ್ನು ಒಟ್ಟಿಗೆ ಹೇಳಿದರೆ ಇಂದಿನವರಿಗೆ ನೆನಪಾಗುವುದು ಬೇರೆ ಪೈಪೋಟಿ. ಸೊರಬದ ಕುಬಟೂರಿನ ಎಸ್. ಬಂಗಾರಪ್ಪ ಮತ್ತು ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ 2004ರಲ್ಲಿ ಒಂದೇ ಪಕ್ಷದಲ್ಲಿದ್ದರು. 2008ರಲ್ಲಿ ಶಿಕಾರಿಪುರದಲ್ಲೇ ಎದುರಾಳಿಗಳಾದರು, ಗೆದ್ದವರು ಯಡಿಯೂರಪ್ಪ. ಬಂಗಾರಪ್ಪನವರ ಮಕ್ಕಳಾದ ಕುಮಾರ್ ಮತ್ತು ಮಧು ಸೊರಬದ ಕಣದಲ್ಲಿ ಮತ್ತೆ ಮತ್ತೆ ಎದುರಾದರು. 2018ರಲ್ಲಿ ಅಣ್ಣ ಗೆದ್ದರೆ 2023ರಲ್ಲಿ ತಮ್ಮ. ಇದರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ಈ ಪತ್ರಿಕೆಯ ಕೆಲಸವಲ್ಲ. ಆದರೆ ಪ್ರತಿ ಚುನಾವಣೆಯಲ್ಲೂ ನಮ್ಮ ವರದಿಗಳು ಬಳಸುವ ರಣಕಣ, ಸೇಡು, ದ್ರೋಹ ಎಂಬ ಮಾತುಗಳು ಬಿಲ್ಹಣನ ಉಗ್ರಾಣದವು. ವ್ಯತ್ಯಾಸ ದೊಡ್ಡದಿದೆ. ಅಂದು ಅರಸುಮಕ್ಕಳ ಜಗಳದಲ್ಲಿ ಕಾಲಾಳು ಸಾಯಬೇಕಿತ್ತು. ಇಂದು ಅವನ ವಂಶದವರು ಬೆರಳಿಗೆ ಶಾಯಿ ಹಾಕಿಸಿಕೊಂಡು ಜಗಳ ತೀರಿಸುತ್ತಾರೆ, ಸೋತವರು ಮನೆಗೆ ಹೋಗಿ ಮುಂದಿನ ಸಲಕ್ಕೆ ತಯಾರಾಗುತ್ತಾರೆ. ಇಷ್ಟಾದರೂ ಯಾವುದೋ ನಾಯಕರ ಮುನಿಸಿಗಾಗಿ ಅಕ್ಕಪಕ್ಕದ ಮನೆಯವರು ಮದುವೆ ಮುಂಜಿಗೂ ಹೋಗದೆ ಮಾತು ಬಿಡುವುದುಂಟು. ಜೋಳವಾಳಿಯ ಈ ಶೇಷವನ್ನು ಬಿಡಬೇಕಾದವರು ನಾವೇ. ನಾಯಕರು ಬೇರೆಯಾದಾಗ ಅವರ ಗುಣಾವಗುಣ ಕೇಳುವ ಮೊದಲು, ಅವರು ಹಂಚಿಕೊಳ್ಳಲಾಗದೆ ಹೋದದ್ದು ಏನು, ಅದರಲ್ಲಿ ನಮ್ಮದೆಷ್ಟು ಎಂದು ಕೇಳೋಣ.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಹೊಲದ ಬದುವಿನಲ್ಲೋ, ಕೆರೆ ಏರಿಯ ಮೇಲೋ, ಗುಡಿಯ ಹಿಂದೋ ವೀರಗಲ್ಲೊಂದು ಮಣ್ಣು ಹತ್ತಿ ನಿಂತಿರಬಹುದು. ಅದನ್ನು ಬಟ್ಟೆ ಒಗೆಯುವ ಕಲ್ಲಾಗಲು, ಮೋರಿಗೆ ಹಾಸುಗಲ್ಲಾಗಲು ಬಿಡಬೇಡಿ. ಫೋಟೋ ತೆಗೆಯಿರಿ, ಅಕ್ಷರಗಳಿದ್ದರೆ ಪುರಾತತ್ತ್ವ ಇಲಾಖೆಗೆ ತಿಳಿಸಿ, ನಮಗೂ ಬರೆಯಿರಿ. ಕಲ್ಲಿನ ಮೇಲಿನ ಹೆಸರು ಓದಲು ಬರುವಂತಿದ್ದರೆ ಮುಂದಿನ ಸಂಚಿಕೆಯಲ್ಲಿ, ಊರಿನ ಹೆಸರಿನೊಂದಿಗೆ, ಖಂಡಿತ ಪ್ರಕಟಿಸುತ್ತೇವೆ.