ಮರಿ ಹಂಚಿದರೆ ಸಾಲದು, ಲಸಿಕೆಯೂ ಗುಡ್ಡ ಹತ್ತಬೇಕು
ಕಾಫಿ ಸೀಮೆಯ ಹಿತ್ತಿಲ ಕೋಳಿಗಳ ಪಾಡು

2024ರ ಅಕ್ಟೋಬರ್ ತಿಂಗಳಲ್ಲಿ ದೇಶದ 21ನೇ ಜಾನುವಾರು ಗಣತಿ ಆರಂಭವಾಯಿತು. ದನ, ಎಮ್ಮೆ, ಹಂದಿಗಳ ಜೊತೆಗೆ ಮನೆಮನೆಯ ಕೋಳಿಗಳನ್ನೂ ಎಣಿಸುವ ಗಣತಿಯಿದು. ಇದಕ್ಕೆ ಹಿಂದಿನ, ಅಂದರೆ 2019ರ ಗಣತಿಯ ಪ್ರಕಾರ ದೇಶದಲ್ಲಿದ್ದ ಕೋಳಿ, ಬಾತು ಮುಂತಾದವುಗಳ ಒಟ್ಟು ಸಂಖ್ಯೆ 85 ಕೋಟಿ 18 ಲಕ್ಷ. ಅದರಲ್ಲಿ 31 ಕೋಟಿ 70 ಲಕ್ಷದಷ್ಟು ಫಾರಂಗಳಲ್ಲಿ ಅಲ್ಲ, ಮನೆಯ ಹಿತ್ತಿಲಲ್ಲಿ ಬೆಳೆದವು. 2012ರಿಂದ 2019ರವರೆಗೆ ಫಾರಂ ಕೋಳಿಗಳ ಏರಿಕೆ ಶೇ. 5ನ್ನೂ ಮುಟ್ಟಲಿಲ್ಲ, ಹಿತ್ತಿಲ ಕೋಳಿಗಳು ಶೇ. 45.8ರಷ್ಟು ಏರಿದವು! ಬ್ರಾಯ್ಲರ್ ಅಂಗಡಿ ಮೂಲೆಮೂಲೆಗೂ ಬಂದಿರುವ ಈ ಕಾಲದಲ್ಲಿ ಊರ ಕೋಳಿಯ ಕಾಲ ಮುಗಿಯಿತು ಎಂದುಕೊಂಡವರಿಗೆ ಇದು ಅಚ್ಚರಿಯ ಸಂಗತಿಯೇ ಸರಿ.

ಆದರೆ ಈ ಲೆಕ್ಕದ ಹಿಂದೆ ಇನ್ನೊಂದು ಲೆಕ್ಕವಿದೆ. ಚಳಿಗಾಲದಲ್ಲಿ ಬಂದು ಎಣಿಸಿದವರಿಗೆ ಹಿತ್ತಿಲಲ್ಲಿ ಹದಿನೈದು ಕೋಳಿ ಸಿಕ್ಕಿರಬಹುದು. ಅದೇ ಮನೆಗೆ ಏಪ್ರಿಲ್‌ನಲ್ಲಿ ಹೋಗಿ ನೋಡಿದರೆ ಎರಡೋ ಮೂರೋ ಉಳಿದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಆ ನಡುವೆ ಏನಾಯಿತೆಂಬುದು ಯಾವ ಗಣತಿಯಲ್ಲೂ ಬರುವುದಿಲ್ಲ.

ಕರಾವಳಿಯ ನಮ್ಮ ಅನೇಕ ಕುಟುಂಬಗಳ ಬಂಧುಬಳಗ ಘಟ್ಟದ ಮೇಲಿದೆ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ದಾಟಿದರೆ ಬಣಕಲ್, ಮೂಡಿಗೆರೆ. ಇನ್ನೊಂದು ಕಡೆಗೆ ತಿರುಗಿದರೆ ಬಾಳೆಹೊಳೆ, ಕಳಸ, ಸಂಸೆ. ಕಾಫಿ ತೋಟದ ಕೆಲಸಕ್ಕೆಂದು ಹೋಗಿ ಅಲ್ಲಿಯೇ ನೆಲೆಸಿದವರು, ಎರಡು ಮೂರು ಎಕರೆ ಮಾಡಿಕೊಂಡವರು, ಇಂದಿಗೂ ಲೈನ್ ಮನೆಗಳಲ್ಲಿ ಇರುವವರು ಎಲ್ಲರೂ ನಮ್ಮವರೇ. ಈ ಮನೆಗಳಲ್ಲಿ ಕಾಫಿ, ಮೆಣಸಿನ ದುಡ್ಡು ವರ್ಷಕ್ಕೊಮ್ಮೆ ಬರುವುದು. ಅದು ಹೆಚ್ಚಾಗಿ ಯಜಮಾನನ ಕೈಗೆ, ಅಲ್ಲಿಂದ ಸೊಸೈಟಿ ಸಾಲಕ್ಕೆ. ಕೂಲಿ ವಾರಕ್ಕೊಮ್ಮೆ, ಅದು ಅಂಗಡಿ ಬಾಕಿಗೆ. ಹೇಂಟೆ ಮತ್ತು ಮೊಟ್ಟೆಯ ದುಡ್ಡು ಮಾತ್ರ ಮನೆಯಾಕೆಯದು. ಮಗುವಿನ ಪುಸ್ತಕಕ್ಕೆ, ಆಸ್ಪತ್ರೆಗೆ ಹೋಗುವ ಬಸ್ಸಿಗೆ, ನೆಂಟರು ಬಂದ ದಿನದ ಕಡುಬಿನ ಜೊತೆಗಿನ ಸಾರಿಗೆ ಯಾರನ್ನೂ ಕೇಳದೆ ಆಕೆ ತೆಗೆಯಬಹುದಾದ ಗಂಟು ಅದೊಂದೇ. ಕ್ರಿಸ್ಮಸ್ ಮತ್ತು ಪಾಸ್ಖ ಹಬ್ಬದ ಹೊತ್ತಿಗೆ ಬಲಿತ ಹುಂಜಕ್ಕೆ ಒಳ್ಳೆಯ ಬೆಲೆಯೂ ಇದೆ.

ಈ ಗಂಟನ್ನು ಕರಗಿಸುವುದು ಯಾವುದು? ಕೇಳಿದರೆ ಎಲ್ಲರೂ ಮೊದಲು ಹೇಳುವುದು ಮುಂಗುಸಿ, ಗಿಡುಗ, ಕಾಡುಬೆಕ್ಕುಗಳ ಹೆಸರು. ನಿಜ, ತೋಟದ ನೆರಳಿನಲ್ಲಿ ಇವುಗಳ ಕಾಟ ಬಹಳ. ಮುಂಗಾರಿನ ಮೂರು ತಿಂಗಳು ಬಿಡದೆ ಸುರಿಯುವ ಮಳೆಯಲ್ಲಿ ಗೂಡು ಒದ್ದೆಯಾಗಿ ಮರಿಗಳಿಗೆ ರಕ್ತಭೇದಿ ಹತ್ತುವುದೂ ನಿಜ. ಆದರೆ ಮುಂಗುಸಿ ಒಂದೊಂದಾಗಿ ಒಯ್ಯುತ್ತದೆ. ಒಂದೇ ವಾರದಲ್ಲಿ ಇಡೀ ಗೂಡನ್ನು ಖಾಲಿ ಮಾಡುವುದು ಕೊಕ್ಕರೆ ರೋಗ. ಬಿಸಿಲು ಏರುತ್ತಿದ್ದಂತೆ, ಕಾಫಿ ಹೂವಿನ ಮಳೆಗೆ ಕಾಯುವ ದಿನಗಳಲ್ಲಿ ಇದರ ಹಾವಳಿ ಹೆಚ್ಚು. ಕೋಳಿ ತೂಕಡಿಸುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರು ಬಣ್ಣದ ಹಿಕ್ಕೆ ಹಾಕುತ್ತದೆ, ಬದುಕುಳಿದದ್ದು ಕತ್ತು ತಿರುಚಿಕೊಂಡು ಸುತ್ತುತ್ತದೆ. ಒಂದು ಮನೆಗೆ ಬಂದರೆ ಓಣಿಯ ಎಲ್ಲ ಮನೆಗಳಿಗೂ ಬಂದಂತೆ. ಸಾಯುವ ಮೊದಲೇ ಮಾರಿಬಿಡೋಣ ಎಂದು ಸಂತೆಗೆ ಒಯ್ದರೆ ರೋಗ ಇನ್ನೊಂದು ಊರಿಗೂ ಹೋಯಿತು.

ಇದಕ್ಕೆ ಔಷಧಿಯಿಲ್ಲ, ಲಸಿಕೆಯಿದೆ. ಅದೂ ಇಂದು ನಿನ್ನೆಯದಲ್ಲ. ಉತ್ತರದ ಕುಮಾವೂನ್ ಬೆಟ್ಟಗಳ ರಾಣಿಖೇತ್‌ನಲ್ಲಿ 1920ರ ದಶಕದಲ್ಲಿ ಕಂಡುಬಂದ ಕಾರಣ ನಮ್ಮ ದೇಶದಲ್ಲಿ ಈ ಕಾಯಿಲೆಗೆ ರಾಣಿಖೇತ್ ಎಂಬ ಹೆಸರು ಬಂತು. ಅದೇ ಬೆಟ್ಟಗಳ ಮುಕ್ತೇಶ್ವರದಲ್ಲಿನ ಪಶುವೈದ್ಯ ಸಂಶೋಧನಾಲಯದಲ್ಲಿ 1940ರ ದಶಕದಲ್ಲೇ ಲಸಿಕೆ ಸಿದ್ಧವಾಯಿತು. ಇಂದು ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರವಾದ ಮೇಲೆ ಒಂದು ಚುಚ್ಚುಮದ್ದು. ಒಂದು ಕೋಳಿಯ ಪಾಲಿಗೆ ಬರುವ ಖರ್ಚು ಒಂದು ಮೊಟ್ಟೆಯ ಬೆಲೆಯಷ್ಟೂ ಆಗದು.

ಹಾಗಿದ್ದೂ ಕೋಳಿಗಳೇಕೆ ಸಾಯುತ್ತಿವೆ? ಉತ್ತರ ಆ ಸೀಸೆಯಲ್ಲೇ ಇದೆ. ಲಸಿಕೆ ಸಾಮಾನ್ಯವಾಗಿ ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗಾಗುವ ಸೀಸೆಯಲ್ಲಿ ಬರುತ್ತದೆ. ಒಮ್ಮೆ ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು. ಅಲ್ಲಿಯವರೆಗೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಹತ್ತು ಸಾವಿರ ಕೋಳಿಗಳ ಫಾರಂಗೆ ಇದೊಂದು ಸಮಸ್ಯೆಯೇ ಅಲ್ಲ. ಗುಡ್ಡದ ಮೇಲೊಂದು ಮನೆ, ಕಣಿವೆಯಲ್ಲಿ ಇನ್ನೊಂದು ಮನೆ, ಮನೆಗೆ ಹತ್ತೋ ಹನ್ನೆರಡೋ ಕೋಳಿ, ಗಾಳಿ ಬೀಸಿದರೆ ಕರೆಂಟು ಹೋಗುವ ಊರು... ಇಲ್ಲಿ ಹನ್ನೆರಡು ಕೋಳಿಗಾಗಿ ಯಾರು ಸೀಸೆ ಒಡೆಯುತ್ತಾರೆ? ಪಶುವೈದ್ಯರನ್ನು ದೂರುವುದು ಸುಲಭ. ಆದರೆ ಹಲವು ಗ್ರಾಮಗಳ ದನಕರುಗಳ ಹೊಣೆ ಹೊತ್ತವರು ಪ್ರತಿ ಹಿತ್ತಿಲಿಗೂ ಹೋಗುವುದು ಸಾಧ್ಯವಿಲ್ಲ ಎಂಬುದನ್ನೂ ಒಪ್ಪಬೇಕು.

ಲಸಿಕೆ ಹೀಗೆ ಕೆಳಗೇ ಉಳಿದರೆ, ಗುಡ್ಡ ಹತ್ತಿ ಬರುವುದು ಮರಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನ ವಿಜ್ಞಾನಿಗಳು 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ಕೋಳಿ ರಾಜ್ಯದ ಹೆಮ್ಮೆಯೇ ಹೌದು. 2005ರಲ್ಲಿ ಸ್ವರ್ಣಧಾರಾ ಬಂತು. ಹೈದರಾಬಾದಿನಿಂದ ವನರಾಜ, ಗ್ರಾಮಪ್ರಿಯ ಬಂದವು. ಊರ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಗಿರಿರಾಜ ಅದರ ಎರಡು ಪಟ್ಟು ಮೀರಿ ಇಡುತ್ತದೆ, ಮೈಯೂ ದೊಡ್ಡದು. ಕೇಂದ್ರ ಸರ್ಕಾರದ ಹಿತ್ತಿಲ ಕೋಳಿ ಯೋಜನೆಯಲ್ಲಿ ಬಡ ಕುಟುಂಬಕ್ಕೆ 45 ಮರಿಗಳನ್ನು ಕಂತುಗಳಲ್ಲಿ ಕೊಡುವ ಕ್ರಮವಿತ್ತು. ನಾಲ್ಕು ವಾರ ಬೇರೆಡೆ ಬೆಳೆಸಿ, ಗಟ್ಟಿಯಾದ ಮೇಲೆ ಕೊಡಬೇಕೆಂಬ ಆ ಯೋಜನೆಯ ಆಲೋಚನೆ ಬಹಳ ಸರಿಯಾದದ್ದು. 2021ರಲ್ಲಿ ರಾಷ್ಟ್ರೀಯ ಜಾನುವಾರು ಮಿಷನ್ ಪರಿಷ್ಕೃತವಾದ ಮೇಲೆ ಒತ್ತು ಬೇರೆಡೆಗೆ ಹೊರಳಿತು: ಕನಿಷ್ಠ ಸಾವಿರ ತಾಯಿಕೋಳಿ ಸಾಕಿ ಮರಿ ಮಾಡಿಸುವ ಉದ್ಯಮಿಗೆ ಶೇ. 50, ಗರಿಷ್ಠ 25 ಲಕ್ಷ ರೂಪಾಯಿ ಸಹಾಯಧನ. ಲೈನ್ ಮನೆಯ ಹೆಂಗಸು ಇಲ್ಲಿ ಮರಿ ಕೊಳ್ಳುವ ಗಿರಾಕಿ ಮಾತ್ರ.

ಏಕೆಂದರೆ ಈ ಸುಧಾರಿತ ತಳಿಗಳು ಕಾವಿಗೆ ಕೂರುವುದಿಲ್ಲ. ಮೊಟ್ಟೆ ಹೆಚ್ಚಲೆಂದು ಆ ಗುಣವನ್ನೇ ತಳಿಯಿಂದ ಕಳೆದಿದ್ದಾರೆ. ಊರ ಹೇಂಟೆ ಹನ್ನೆರಡು ಮೊಟ್ಟೆ ಇಟ್ಟು, ಇಪ್ಪತ್ತೊಂದು ದಿನ ಕೂತು, ಮರಿ ಮಾಡಿ, ಗಿಡುಗದ ನೆರಳು ಕಂಡೊಡನೆ ರೆಕ್ಕೆಯಡಿ ಕರೆದುಕೊಳ್ಳುತ್ತದೆ. ಗಿರಿರಾಜದ ಮೊಟ್ಟೆಯನ್ನು ಊರ ಹೇಂಟೆಯ ಅಡಿಯಲ್ಲಿಟ್ಟು ಮರಿ ಮಾಡಿಸಿಕೊಳ್ಳುವ ಜಾಣತನ ನಮ್ಮ ತಾಯಂದಿರಿಗಿದೆ. ಆದರೆ ಆ ಮರಿಗಳಲ್ಲಿ ಮೊದಲಿನ ಇಳುವರಿ ಉಳಿಯುವುದಿಲ್ಲ. ಹಾಗಾಗಿ ಮತ್ತೆ ಮರಿ ಕೊಳ್ಳಬೇಕು. ಹಂಚಿದ ಮರಿ ಮೊದಲ ಬೇಸಿಗೆಯಲ್ಲೇ ಕೊಕ್ಕರೆ ರೋಗಕ್ಕೆ ಹೋದರೆ ಲಾಭವಾದದ್ದು ಮರಿ ಮಾರಿದವನಿಗೆ. ಸುಧಾರಿತ ತಳಿ ಬೇಡವೆಂದು ನಾವು ಹೇಳುತ್ತಿಲ್ಲ. ದಿನಾ ಮೊಟ್ಟೆ ಬೇಕಾದವರು ಸಾಕಲಿ. ಆದರೆ ಹಿತ್ತಿಲಲ್ಲಿ ಕಾವಿಗೆ ಕೂರುವ ಹೇಂಟೆ ಎರಡಾದರೂ ಇರಲಿ, ಮತ್ತು ಮರಿಗೆ ಇಟ್ಟ ಹಣದ ಒಂದು ಪಾಲು ಲಸಿಕೆಗೆ ಹೋಗಲಿ.

ಹಕ್ಕಿಜ್ವರದ ಸುದ್ದಿಯೇ ಬೇರೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, 2020ರಲ್ಲಿ ಮೈಸೂರಿನಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಅದು ಬಂದಾಗ ಟಿ.ವಿ. ತುಂಬ ಅದೇ ಮಾತು. ಮನುಷ್ಯರಿಗೂ ತಗುಲಬಲ್ಲ ಕಾಯಿಲೆಯಾದ್ದರಿಂದ ಆ ಎಚ್ಚರ ಬೇಕಾದದ್ದೇ. ರೋಗ ಕಂಡ ಜಾಗದಿಂದ ಒಂದು ಕಿ.ಮೀ. ಒಳಗಿನ ಕೋಳಿಗಳನ್ನು ಕೊಂದು ಹೂಳುತ್ತಾರೆ, ಹಾಗೆ ಕೊಂದ ಕೋಳಿಗೆ ಸರ್ಕಾರ ಪರಿಹಾರವನ್ನೂ ಕೊಡುತ್ತದೆ. ಕೊಕ್ಕರೆ ರೋಗದಲ್ಲಿ ಸತ್ತ ಊರ ಕೋಳಿಗೆ ಪರಿಹಾರ ಹಾಗಿರಲಿ, ಲೆಕ್ಕವೂ ಇಲ್ಲ. ಇದರಿಂದ ಇನ್ನೊಂದು ಅಪಾಯವೂ ಇದೆ. ಪ್ರತಿ ಬೇಸಿಗೆ ಕೋಳಿ ಸಾಯುವುದು ಮಾಮೂಲು ಎಂದುಕೊಂಡವರು ನಿಜವಾಗಿ ಹಕ್ಕಿಜ್ವರ ಬಂದ ದಿನವೂ ಆಸ್ಪತ್ರೆಗೆ ತಿಳಿಸುವುದಿಲ್ಲ.

ಬೇರೆ ದೇಶಗಳು ಈ ಗಂಟನ್ನು ಬಿಡಿಸಿದ ರೀತಿ ಗಮನಿಸಬೇಕಾದದ್ದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹಳ್ಳಿ ಕೋಳಿಗಳಿಗೆಂದೇ ಬಿಸಿಲು ತಾಳಬಲ್ಲ ಐ-2 ಎಂಬ ಲಸಿಕೆ ಸಿದ್ಧಪಡಿಸಿದರು. ಮೊಜಾಂಬಿಕ್, ತಾಂಜಾನಿಯಾಗಳಲ್ಲಿ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಮನೆಗೆ ಹೋಗಿ ಕಣ್ಣಿಗೆ ಹನಿ ಹಾಕಿಸಿದರು. ಹಾಕಿದವರಿಗೆ ಸಣ್ಣ ಶುಲ್ಕ. ನಮ್ಮಲ್ಲೂ ಸಂಜೀವಿನಿ ಸ್ವಸಹಾಯ ಸಂಘಗಳಲ್ಲಿ ತರಬೇತಿ ಪಡೆದ ‘ಪಶುಸಖಿ’ಯರಿದ್ದಾರೆ. ಅವರಿಗೆ ಒಂದು ಐಸ್ ಡಬ್ಬಿ, ವೈದ್ಯರ ಮಾರ್ಗದರ್ಶನ, ಮೊದಲೇ ಗೊತ್ತುಮಾಡಿದ ಒಂದು ದಿನ ಇವಿಷ್ಟು ಸಿಕ್ಕರೆ ಸೀಸೆಯ ಸಮಸ್ಯೆ ಅರ್ಧ ಮುಗಿಯಿತು. ಎಂಟು ಹತ್ತು ಮನೆಗಳ ಕೋಳಿ ಸೇರಿದರೆ ನೂರು ತುಂಬುತ್ತದೆ. ಭಾನುವಾರ ಪೂಜೆ ಮುಗಿದ ಮೇಲೆ ವಾರ್ಡಿನ ಗುರಿಕಾರರು ಯಾರ ಮನೆಯಲ್ಲಿ ಎಷ್ಟು ಕೋಳಿ ಎಂದು ಬರೆದುಕೊಳ್ಳಲು ಹತ್ತು ನಿಮಿಷ ಸಾಕು. ನೆರೆಯ ಮನೆ ಯಾವ ಜಾತಿ, ಮತದ್ದಾದರೂ ಅದನ್ನೂ ಪಟ್ಟಿಗೆ ಸೇರಿಸಬೇಕು, ರೋಗಕ್ಕೆ ಬೇಲಿಯಿಲ್ಲ.

ಲೈನ್ ಮನೆಗಳ ಮಾತು ಸ್ವಲ್ಪ ಕಠಿಣ. ಕಣದಲ್ಲಿ ಒಣಗಲು ಹಾಕಿದ ಕಾಫಿಯನ್ನು ಕೆದರುತ್ತವೆ, ನರ್ಸರಿಯ ಸಸಿ ಹಾಳುಮಾಡುತ್ತವೆ ಎಂದು ಕೆಲವು ತೋಟಗಳಲ್ಲಿ ಕೋಳಿ ಸಾಕಲು ಬಿಡುವುದಿಲ್ಲ. ತಕರಾರು ಸುಳ್ಳಲ್ಲ. ಆದರೆ ಕಣಕ್ಕೆ ಬಲೆ ಕಟ್ಟುವ ಖರ್ಚು ದೊಡ್ಡದಲ್ಲ, ಕಣದ ಕೆಲಸವೂ ಎರಡು ಮೂರು ತಿಂಗಳದು. ತೋಟದ ಮಾಲೀಕರಲ್ಲಿ ನಮ್ಮ ಓದುಗರೂ ಇದ್ದಾರೆ. ರೈಟರನ್ನು ಕರೆದು ಒಮ್ಮೆ ಮಾತನಾಡಬಹುದು.

ಲಸಿಕೆ ಜನವರಿಯೊಳಗೆ ಆಗಬೇಕು. ರೋಗ ಬಂದ ಗೂಡಿಗೆ ಹಾಕಿ ಪ್ರಯೋಜನವಿಲ್ಲ, ಎಂಟು ವಾರದೊಳಗಿನ ಮರಿಗೆ ಚುಚ್ಚುಮದ್ದು ಕೊಡಬಾರದು. ಬೆಳಿಗ್ಗೆ ಗೂಡಿನ ಬಾಗಿಲು ತೆರೆಯುವ ಮೊದಲೇ ಹೋದರೆ ಒಳ್ಳೆಯದು. ಒಮ್ಮೆ ತೋಟಕ್ಕೆ ಇಳಿದ ಕೋಳಿಯನ್ನು ಕಾಫಿ ಗಿಡದ ಸಂದಿಯಲ್ಲಿ ಹಿಡಿಯುವಷ್ಟರಲ್ಲಿ ಕಲಸಿದ ಲಸಿಕೆಯ ಎರಡು ಗಂಟೆ ಮುಗಿದಿರುತ್ತದೆ.